ಅತ್ತೆ ಕೈಗೆ ಬಂದ ಬೇಟೆಬಿಲ್ಲು

ಪಜೀತಿಗಳನ್ನ ನಾನಾಗಿ ಹುಡುಕಿಕೊಂಡು ಹೋದವಳಲ್ಲ. ಸಾಯಂಕಾಲ ಹೂವಿನವಳು ಬಾಗಿಲಿಗೆ ಬರೋ ಹಾಗೆ ಅವೇ ಬಂದು ನಿಂತು, "ಅಮ್ಮಾ, ಎಷ್ಟು ಮೊಳ ಕೊಡ್ಲಿ?" ಅಂತ ಕೇಳುತ್ತವೆ. ಮೈಸೂರು ಬಿಟ್ಟು ಇಂಗ್ಲೆಂಡಿಗೆ ಹೋದರೆ ಅಷ್ಟು ದೂರ ಎಲ್ಲಿ ಬಂದಾವು ಅಂದುಕೊಂಡಿದ್ದೆ. ಅವು ನನಗಿಂತ ಮೊದಲೇ ಹೋಗಿ ಶೆಫೀಲ್ಡಿನಲ್ಲಿ ಕೂತಿದ್ದವು.

ಇದು ಎರಡು ಸಾವಿರನೇ ಇಸವಿ ಆಚೀಚೆಯ ಮಾತು. ಶೆಫೀಲ್ಡಿನ ಬ್ರೂಮ್‌ಹಿಲ್‌ನಲ್ಲಿ ಮಗನ ಮನೆ. ಅವನು ಆಸ್ಪತ್ರೆಯಲ್ಲಿ ಡಾಕ್ಟರು, ಸೊಸೆ ಜಿಪಿ, ಅಂದರೆ ಬಡಾವಣೆ ಕ್ಲಿನಿಕ್ಕಿನ ಡಾಕ್ಟರು. ನಾನೂ ನಮ್ಮ ಯಜಮಾನರೂ ಆರು ತಿಂಗಳ ವೀಸಾ ತಗೊಂಡು ಹೋಗಿದ್ದೆವು. ಆಗ ನನಗೆ ಅರವತ್ತಮೂರು.

ಕೋಟು ಕಾಯೋ ಕುರ್ಚಿ

ಪ್ರತಿ ಬುಧವಾರ ಸಾಯಂಕಾಲ ಸೊಸೆ ಒಂದು ಶಾಲೆಯ ಹಾಲಿನಲ್ಲಿ ಬಿಲ್ಲುವಿದ್ಯೆ ಕಲಿಯೋಕೆ ಹೋಗುತ್ತಿದ್ದಳು. ದಿನವೆಲ್ಲ ಊರವರ ಕೆಮ್ಮು ಕೇಳಿ ಬಂದವಳಿಗೆ ಅಲ್ಲಿ ಯಾರೂ ಕೆಮ್ಮಲ್ಲ ಅನ್ನೋದೇ ಸುಖವಂತೆ. ನನಗೂ ಬೇಜಾರು ಕಳೆಯಲಿ ಅಂತ ಜೊತೆಗೆ ಕರಕೊಂಡು ಹೋದಳು. ಗೋಡೆ ಪಕ್ಕ ಒಂದು ಕುರ್ಚಿ ಹಾಕಿ, "ಅತ್ತೆ, ಈ ಕೋಟು ಸ್ವಲ್ಪ ನೋಡ್ಕೊಳ್ತೀರಾ?" ಅಂದಳು. ಅವಳ ಕೋಟು ನೋಡಿ ಇನ್ನಿಬ್ಬರು ತಮ್ಮದನ್ನೂ ತಂದು ನನ್ನ ಮಡಿಲಿಗೆ ಹಾಕಿದರು.

ನಾನು ಜೀವಮಾನವೆಲ್ಲ ಕಾದವಳು. ಮದುವೆಮನೆಯಲ್ಲಿ ಒಡವೆ ಪೆಟ್ಟಿಗೆ ಕಾದೆ, ರೈಲಿನಲ್ಲಿ ಟ್ರಂಕು ಕಾದೆ, ಎಲ್ಲರೂ ಬೆಟ್ಟ ಹತ್ತಿದರೆ ಕೆಳಗೆ ಚಪ್ಪಲಿ ಕಾದೆ. ಎರಡು ಬುಧವಾರ ಕೋಟೂ ಕಾದೆ. ಮೂರನೇ ಬುಧವಾರ ಕೋಟುಗಳನ್ನೆಲ್ಲ ಕುರ್ಚಿ ಮೇಲೆ ಕೂರಿಸಿ, ಎದ್ದು ಸೀದಾ ಮೇಷ್ಟ್ರ ಹತ್ತಿರ ಹೋಗಿ ಕೈಚಾಚಿದೆ.

ಮೇಷ್ಟ್ರು ಅಂದರೆ ಆ ಬಿಲ್ಲುಗಾರರ ಕ್ಲಬ್ಬಿನಲ್ಲಿ ಕಲಿಸೋ ಬಿಳಿಗಡ್ಡದ ಮುದುಕರು. ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ನನ್ನನ್ನ ಮೇಲಿಂದ ಕೆಳಗೆ ನೋಡಿದರು. ಕೆಳಗೆ ಜಾಸ್ತಿ ದೂರ ನೋಡೋದಿರಲಿಲ್ಲ, ನಾನಿರೋದೇ ನಾಲ್ಕಡಿ ಹತ್ತಂಗುಲ. ಏನನ್ನಿಸಿತೋ, ಒಂದು ಬಿಲ್ಲು ಕೊಟ್ಟು ನಿಲ್ಲೋದು ಹೇಗೆ ಅಂತ ತೋರಿಸಿದರು.

ಮೊದಲನೇ ಬಾಣ ಹಿಂದಿನ ಪರದೆಗೆ ಹೋಯಿತು. ಎರಡನೆಯದು ಹೋಗಿ ನಡುಮಧ್ಯದ ಹಳದಿಗೆ ಕಚಕ್ ಅಂತ ಕೂತಿತು. "ಬಿತ್ತಲ್ಲ!" ಅಂತ ಕೂಗಿದೆ.

ಸೊಸೆ ಹತ್ತಿರ ಬಂದು ಮೆಲ್ಲಗೆ ಹೇಳಿದಳು, "ಅತ್ತೆ, ಅದು ಪಕ್ಕದವರ ಗುರಿ. ನಿಮ್ಮದು ಈ ಕಡೇದು."

"ಇರಲಿ ಬಿಡಮ್ಮ," ಅಂದೆ, "ಹೊಸದಾಗಿ ಬಂದೋರು ಮೊದಲು ನೆರೆಹೊರೆ ನೋಡ್ಕೋಬೇಕು."

ಏನನ್ನ ಬೇಟೆಯಾಡ್ತಾರೆ?

ಹಾಲಿನ ಗೋಡೆ ಮೇಲೆ ಒಂದು ಫೋಟೋ ಇತ್ತು. ಕಾಡು, ಅದರೊಳಗೆ ಜಿಂಕೆ, ಹಂದಿ, ಕರಡಿ. ಜೀವ ಇರೋವಲ್ಲ, ಫೋಮಿನಲ್ಲಿ ಮಾಡಿದ್ದು. ಬೇಸಿಗೆ ಮುಗಿಯೋ ಹೊತ್ತಿಗೆ ಒಂದು ಭಾನುವಾರ ಕ್ಲಬ್ಬಿನವರೆಲ್ಲ ಕಾಡಿಗೆ ಹೋಗಿ, ಮರದಿಂದ ಮರಕ್ಕೆ ನಡೆದು ಅವಕ್ಕೆ ಬಾಣ ಬಿಡುತ್ತಾರಂತೆ. ಲೆಕ್ಕ ಹಾಕಿದೆ. ಆ ಭಾನುವಾರ ಕಳೆದು ಮೂರನೇ ದಿನ ನಮ್ಮ ವಿಮಾನ.

ಅವತ್ತೇ ಮನೆಯಲ್ಲಿ ಹೇಳಿಬಿಟ್ಟೆ: "ಆ ಕಾಡಿಗೆ ಹೋಗಿ, ಒಂದು ಮೃಗಕ್ಕೆ ಒಂದು ಬಾಣ ನಾಟಿಸದೆ ನಾನು ವಿಮಾನ ಹತ್ತಲ್ಲ."

ಮಗ, "ಅಮ್ಮಾ, ನಿನ್ನ ಭುಜ, ನಿನ್ನ ಮೊಣಕಾಲು..." ಅಂತ ಒಂದೊಂದೇ ಅಂಗದ ಹೆಸರು ಹೇಳಿದ. ಅಷ್ಟೆಲ್ಲ ಅಂಗ ಇನ್ನೂ ನನ್ನ ಹತ್ತಿರ ಇದೆಯಲ್ಲ ಅಂತ ನನಗೆ ಧೈರ್ಯವೇ ಬಂತು.

ಮೇಷ್ಟ್ರು ಒಂದು ಷರತ್ತು ಹಾಕಿದರು. ಕ್ಲಬ್ಬಿನ ಬಿಲ್ಲು ಹಾಲಿಗೆ ಮಾತ್ರ. ಕಾಡಿಗೆ ಬರೋರು ತಮ್ಮ ಅಳತೆಯ ಸ್ವಂತ ಬಿಲ್ಲು ಬಾಣ ತಗೊಂಡು, ಅಭ್ಯಾಸ ಮಾಡಿ, ಅವರಿಂದ ಸೈ ಅನ್ನಿಸಿಕೊಳ್ಳಬೇಕು. ಸರಿ, ಶನಿವಾರ ಅಂಗಡಿಗೆ ಹೊರಟೆವು. ಸೊಸೆ, ನಾನು, ಮತ್ತೆ ನಮ್ಮನ್ನ ತಡೆಯೋಕೆ ಅಂತ ಯಜಮಾನರು.

ಅಂಗಡಿಯವನು ಒಳ್ಳೇ ಮನುಷ್ಯ. ಮೊದಲು ಕೊಟ್ಟ ಬಿಲ್ಲನ್ನ ನೆಲಕ್ಕೆ ಊರಿ ನಿಲ್ಲಿಸಿದರೆ ಅದು ನನ್ನ ತಲೆ ಮೇಲೆ ಒಂದು ಗೇಣು ಎದ್ದಿತ್ತು. ಎರಡನೆಯದೂ ಹಾಗೇ. ಯಜಮಾನರು, "ಬಟ್ಟೆ ಒಣಗಿಸೋಕೆ ಚೆನ್ನಾಗಿರುತ್ತೆ, ತಗೋ," ಅಂದರು. ಆಗ ಅಂಗಡಿಯವನು ಒಳಗಿಂದ ಒಂದು ಗಿಡ್ಡ ಬಿಲ್ಲು ತಂದ. ಮರದ್ದು, ನುಣ್ಣಗೆ ಜೇನಿನ ಬಣ್ಣ. ಪಕ್ಕದಲ್ಲಿ ನಿಲ್ಲಿಸಿದರೆ ನನ್ನದೇ ಎತ್ತರ, ಅಕ್ಕತಂಗಿ ಇದ್ದ ಹಾಗೆ.

"ಇದು ಬೇಟೆಬಿಲ್ಲಂತೆ ಅತ್ತೆ," ಅಂದಳು ಸೊಸೆ. "ಪೊದೆಗಳಿಗೆ ಸಿಕ್ಕಿಹಾಕಿಕೊಳ್ಳದೆ ಇರಲಿ ಅಂತ ಗಿಡ್ಡ ಮಾಡಿರ್ತಾರೆ."

ಯಜಮಾನರು ಬೆಚ್ಚಿಬಿದ್ದರು. "ಬೇಟೆಬಿಲ್ಲಾ! ಮೊಟ್ಟೆ ಹಾಕಿದ ಕೇಕನ್ನ ಬೇರೆ ಚಾಕುವಲ್ಲಿ ಕುಯ್ಯೋ ಮನೆ ಕಣೇ ನಮ್ಮದು!"

ಈ ದೇಶದಲ್ಲಿ ಬಿಲ್ಲು ಹಿಡಿದು ಪ್ರಾಣಿ ಬೇಟೆಯಾಡೋದಕ್ಕೆ ಕಾನೂನೇ ಬಿಡಲ್ಲ, ಹೆಸರು ಮಾತ್ರ ಹಾಗೆ ಅಂತ ಅಂಗಡಿಯವನು ಸಮಾಧಾನ ಮಾಡಿದ. ಮಕ್ಕಳು ಎಳೆಯೋಷ್ಟು ಹಗುರದ್ದು ಸಾಕು ಅಂತ ಒಂದು ಕೊಟ್ಟ. ಅದನ್ನ ಕಿವಿಯವರೆಗೆ ಎಳೆದು, ಹಿಡಿದುಕೊಂಡೇ ಅವನ ಜೊತೆ ಮಾತಾಡಿದೆ. ರುಬ್ಬುಗುಂಡು ತಿರುವಿದ ತೋಳಪ್ಪಾ ಇದು! ಎಳೆಯೋಕೆ ಇಪ್ಪತ್ತೈದು ಪೌಂಡು ತೂಕ ಎತ್ತೋಷ್ಟು ಬಲ ಬೇಕಾದ್ದನ್ನ ಕೊಟ್ಟ. ಇನ್ನೂ ಬಿರುಸಿನದು ಬೇಕು ಅಂದೆ. ಅವನು ಒಪ್ಪಲಿಲ್ಲ. "ಒಂದು ಸಲ ಎಳೆದು ತೋರಿಸೋಕಲ್ಲ, ದಿನಕ್ಕೆ ನೂರು ಸಲ ಎಳೆಯೋಕೆ ತಗೋಬೇಕು," ಅಂದನಂತೆ. ಅಲ್ಲಿಂದಾಚೆಗೆ ಅವನ ಮೇಲೆ ನನಗೆ ಗೌರವ.

ಕೊನೆಗೆ ಅವನೇ ನಗುತ್ತಾ ಕೇಳಿದ, "ಇಷ್ಟಕ್ಕೂ ಇವರು ಏನನ್ನ ಬೇಟೆಯಾಡ್ತಾರೆ?"

ಯಜಮಾನರು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರು. "ನಲವತ್ತೈದು ವರ್ಷದಿಂದ ನನ್ನನ್ನ. ಇಲ್ಲಿಯವರೆಗೂ ಯಾವ ಕಾನೂನೂ ಅಡ್ಡ ಬಂದಿಲ್ಲ."

ಬಾಣ ಆರಿಸೋದು

ಬಿಲ್ಲಾಯಿತು, ಇನ್ನು ಬಾಣ. ಎಷ್ಟುದ್ದ ಬೇಕು ಅಂತ ಅಂಗಡಿಯವನು ಒಂದು ಗೆರೆ ಹಾಕಿದ ಕಡ್ಡಿಯನ್ನ ನನ್ನ ಎದೆಗಿಟ್ಟು, ಎರಡೂ ಕೈ ಮುಂದಕ್ಕೆ ಚಾಚಿಸಿ ನೋಡಿ ಏನೋ ಬರೆದುಕೊಂಡ. ನಾನು ಆ ಕಡ್ಡಿ ತಗೊಂಡು ನನ್ನ ಮೊಳ ಹಾಕಿದೆ. ಒಂದೂವರೆ ಮೊಳ, ಮೇಲೆ ಎರಡು ಬೆರಳು. ಅವನು ಕತ್ತರಿಸಬೇಕು ಅಂತ ಗುರುತು ಹಾಕಿದ್ದೂ ಸರಿಯಾಗಿ ಅಲ್ಲೇ. ನನಗೆ ಸ್ವಲ್ಪ ಜಂಬ ಬಂತು. ಕೆಟ್ಟದ್ದು ಅಲ್ಲೇ.

ಒಂದು ಎತ್ತರದ ಡಬ್ಬದಲ್ಲಿ ಮರದ ಬಾಣಗಳನ್ನ ನಿಲ್ಲಿಸಿದ್ದ. "ಇದರಲ್ಲಿ ಒಂದು ಆರು ಆರಿಸ್ಕೊಳ್ಳಿ, ಆದರೆ ಬಿಲ್ಲಿಗೆ ತಕ್ಕಷ್ಟು ಬಾಗೋ ಗುಣ ಇರಬೇಕು. ತೀರಾ ಬಿರುಸಾದರೆ ಒಂದು ಕಡೆ ಹೋಗುತ್ತೆ, ತೀರಾ ಮೆತ್ತಗಾದರೆ ಇನ್ನೊಂದು ಕಡೆ," ಅಂದ. ಸೊಸೆ ಅದನ್ನ ಕನ್ನಡದಲ್ಲಿ ಹೇಳಿ ಮುಗಿಸೋ ಹೊತ್ತಿಗೆ ನನ್ನ ಕೈ ಡಬ್ಬದೊಳಗಿತ್ತು.

ಬಿರುಸೋ ಮೆತ್ತಗೋ ನೋಡೋದು ನನಗೆ ಹೇಳಿಕೊಡಬೇಕೇ? ಐವತ್ತು ವರ್ಷದಿಂದ ಮಾರ್ಕೆಟ್ಟಿನಲ್ಲಿ ಬೆಂಡೆಕಾಯಿ ಆರಿಸಿದ ಕೈ. ಬೆಂಡೆಕಾಯಿ ತುದಿ ಹಿಡಿದು ಹೆಬ್ಬೆರಳಲ್ಲಿ ಒತ್ತಿದರೆ ಟಕ್ ಅಂತ ಮುರೀಬೇಕು. ಮುರಿದರೆ ಎಳೆಯದು, ಬಾಗಿದರೆ ಬಲಿತದ್ದು. ಮನಸ್ಸು ಬಾಣ ಅನ್ನುತ್ತಿತ್ತು, ಹೆಬ್ಬೆರಳಿಗೆ ಯಾರೂ ಹೇಳಿರಲಿಲ್ಲ.

ಟಕ್.

ಅಂಗಡಿಯಲ್ಲಿ ಇದ್ದವರೆಲ್ಲ ತಿರುಗಿದರು. ನನ್ನ ಒಂದು ಕೈಯಲ್ಲಿ ಬಾಣ, ಇನ್ನೊಂದು ಕೈಯಲ್ಲಿ ಅದರ ತುದಿ. ಸಾಲದ್ದಕ್ಕೆ ನಾನು, "ಇದು ಚೆನ್ನಾಗಿದೆ, ಎಳೆಯದು," ಅಂದುಬಿಟ್ಟಿದ್ದೆ.

ಸೊಸೆ ಐದು ಸಲ ಸಾರಿ ಅಂದಳು. ಯಜಮಾನರು ಗೋಡೆ ಕಡೆ ತಿರುಗಿ ಭುಜ ಕುಣಿಸುತ್ತಿದ್ದರು. ಅಂಗಡಿಯವನು ಎರಡೂ ತುಂಡನ್ನ ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡ. "ಲವ್," ಅಂದ. ಅಲ್ಲಿ ಬಸ್ಸಿನವರಿಂದ ಹಿಡಿದು ಎಲ್ಲರೂ ಎಲ್ಲರನ್ನೂ ಹಾಗೇ ಕರೆಯೋದು. "ಲವ್, ಅದಕ್ಕೊಂದು ಯಂತ್ರ ಇದೆ." ಬಾಣವನ್ನ ಎರಡು ಗೂಟದ ಮೇಲಿಟ್ಟು, ನಡುವೆ ಒಂದು ತೂಕ ನೇತುಹಾಕಿ, ಎಷ್ಟು ಬಾಗುತ್ತೆ ಅಂತ ಮುಳ್ಳು ನೋಡಿ ಹೇಳಿದ. ಹಾಗೆ ಒಂದೊಂದನ್ನೂ ನೋಡಿ, ಒಂದೇ ಸಮ ಬಾಗೋ ಆರನ್ನ ತೆಗೆದುಕೊಟ್ಟ. ಮೊನೆಗೆ ಫೋಮಿಗೆ ನಾಟೋಷ್ಟೇ ಚೂಪಿನ ಉಕ್ಕಿನ ಟೊಪ್ಪಿ ಹಾಕಿಸಿದ. ಗಾಜಿನ ಪೆಟ್ಟಿಗೆಯಲ್ಲಿ ಈಳಿಗೆಯಂಥ ಅಲಗಿನ ಮೊನೆಗಳೂ ಇದ್ದವು. ಅವನ್ನ ಕ್ಲಬ್ಬಿನವರು ಒಳಗೇ ಬಿಡಲ್ಲವಂತೆ. ನನಗೂ ಬೇಡ, ಮನೆಯಲ್ಲಿ ಈಳಿಗೆ ಇದೆ.

ಮುಂದಿನ ವಾರ ಬಿಲ್ಲಿನ ಹೆದೆಗೆ ಹಚ್ಚೋ ಮೇಣ ತರೋಕೆ ಅಲ್ಲಿಗೇ ಹೋದೆ. ಬಾಣದ ಡಬ್ಬ ಕೆಳಗಿರಲಿಲ್ಲ. ಶೆಲ್ಫಿನ ಮೇಲೆ, ನನ್ನ ಕೈಗೆ ಎಟುಕೋದಕ್ಕಿಂತ ಸರಿಯಾಗಿ ಒಂದು ಗೇಣು ಎತ್ತರದಲ್ಲಿತ್ತು. ಎಷ್ಟಾದರೂ ನನ್ನ ಅಳತೆ ತೆಗೆದವನು ಅವನೇ ತಾನೇ.

ಬಳೆ

ಬಾಣ ಬಿಟ್ಟಾಗ ಹೆದೆ ಬಂದು ಎಡಗೈ ಒಳಭಾಗಕ್ಕೆ ಚಟೀರ್ ಅಂತ ಹೊಡೆಯುತ್ತೆ. ಅದಕ್ಕೆ ಚರ್ಮದ ಪಟ್ಟಿ ಕಟ್ಟಿಕೊಳ್ಳಬೇಕು. ಸೆರಗು ಸಿಕ್ಕದ ಹಾಗೆ ಎದೆಗೊಂದು ಪಟ್ಟಿ, ಬೆರಳಿಗೊಂದು ಚರ್ಮದ ತುಂಡು. ಇಷ್ಟೆಲ್ಲ ಕಟ್ಟಿದ ಮೇಲೆ ನಾನು ದಸರಾ ಮೆರವಣಿಗೆಗೆ ಹೊರಟ ಹಾಗಿದ್ದೆ. ಆದರೆ ಮೇಷ್ಟ್ರು ತಲೆಯಾಡಿಸಿದರು. "ಆ ಬಳೆ ತೆಗೀಬೇಕು. ಹೆದೆಗೆ ಸಿಕ್ಕಿದರೆ ಗಾಜು ಚೂರಾಗುತ್ತೆ."

"ಬೇಕಾದರೆ ಕೈ ತೆಗೀತೀನಿ, ಬಳೆ ತೆಗೆಯಲ್ಲ," ಅಂದೆ. ಗಂಡ ಗುಂಡುಕಲ್ಲಿನ ಹಾಗೆ ಮನೆಯಲ್ಲಿ ಕೂತು ಟೀವಿಯಲ್ಲಿ ಕ್ರಿಕೆಟ್ ನೋಡುತ್ತಿರುವಾಗ ಬರಿಗೈ ಮಾಡಿಕೊಳ್ಳೋದು ಹೇಗೆ? ಸೊಸೆ ಅದನ್ನ ಅವರಿಗೆ ಅರ್ಥವಾಗೋ ಹಾಗೆ ಹೇಳಿದಳು: ಗಂಡ ಬದುಕಿದ್ದಾನೆ ಅನ್ನೋದಕ್ಕೆ ಇದು ಗುರುತು.

ಮೇಷ್ಟ್ರು ಯೋಚನೆ ಮಾಡಿ, "ಹಾಗಾದರೆ ಅವರನ್ನೇ ಒಂದು ಮಾತು ಕೇಳಬಾರದಾ?" ಅಂದರು. ಸೊಸೆ ಮೊಬೈಲಿನಲ್ಲಿ ಮನೆಗೆ ಹಚ್ಚಿ ನನ್ನ ಕಿವಿಗಿಟ್ಟಳು.

"ರೀ, ಬಳೆ ತೆಗೀಬೇಕಂತೆ."

"ಯಾಕೆ?"

"ನೀವಿದ್ದೀರಿ ಅನ್ನೋದು ಹೆದೆಗೆ ಅಡ್ಡ ಬರುತ್ತಂತೆ."

ಅವರು ಕ್ರಿಕೆಟ್ ಗಲಾಟೆ ತಗ್ಗಿಸಿದರು. ಆಮೇಲೆ, "ನೋಡೇ, ಬಳೆ ಇರೋದು ನಾನಿದ್ದೀನಿ ಅಂತ ತೋರಿಸೋಕೆ ತಾನೇ? ನಾನೇ ಖುದ್ದಾಗಿ ಬಂದು ಎದುರಿಗೆ ಕೂತರೆ?" ಅಂದರು.

ನ್ಯಾಯವಾದ ಮಾತೇ. ಗಾಜಿನ ಬಳೆ ತೆಗೆದು ಚೀಲದಲ್ಲಿಟ್ಟೆ. ಚಿನ್ನದ ಎರಡನ್ನ ಮೊಣಕೈಗೆ ಏರಿಸಿ, ಮಗನ ಫುಟ್‌ಬಾಲ್ ಸಾಕ್ಸಿನ ಪಾದ ಕತ್ತರಿಸಿ ಮೇಲೆ ಹಾಕಿಕೊಂಡೆ. ಆ ಬುಧವಾರದಿಂದ ಕೋಟು ಕಾಯೋ ಕುರ್ಚಿ ಅವರದಾಯಿತು.

ದೇವಸ್ಥಾನದಲ್ಲಿ

ಒಂದು ಭಾನುವಾರ ಬರ್ಮಿಂಗ್‌ಹ್ಯಾಮ್ ಹತ್ತಿರದ ಟಿವಿಡೇಲ್ ದೇವಸ್ಥಾನಕ್ಕೆ ಹೋಗಿದ್ದೆವು. ಅಲ್ಲಿ ನಮ್ಮ ಕಡೆಯ ಹೆಂಗಸರು ಸಿಕ್ಕರೆ ದರ್ಶನಕ್ಕಿಂತ ಪ್ರಸಾದದ ಹೊತ್ತೇ ಉದ್ದ. ಸುದ್ದಿ ಆಗಲೇ ಬರ್ಮಿಂಗ್‌ಹ್ಯಾಮ್ ಮುಟ್ಟಿತ್ತು. ಧಾರವಾಡದ ಕಡೆಯ ಒಬ್ಬಾಕೆ ಸೊಸೆಯನ್ನ ಕಂಬದ ಮರೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದರು. ನನ್ನ ಕಿವಿ ಇನ್ನೂ ಚುರುಕು.

"ಏನ್ರೀ ಡಾಕ್ಟ್ರ, ಅತ್ತಿ ಕೈಯಾಗ ಬ್ಯಾಟಿ ಬಿಲ್ಲ ಕೊಟ್ಟೀರಂತ? ಭಾಳ ಧೈರ್ಯ ಬಿಡ್ರಿ ನಿಮ್ದು! ಒಂದ ಮನ್ಯಾಗ ಇರ್ತೀರಿ, ಅಂಜಿಕಿ ಆಗೂದಿಲ್ಲೇನು?"

ಸೊಸೆ ಪುಳಿಯೋಗರೆ ಅಗಿಯುತ್ತಾ ಹೇಳಿದಳು, "ಇಲ್ಲಾರೀ. ನನ್ನ ಹತ್ತಿರಾನೂ ಒಂದಿದೆ."

ಬಾಲಕ್ಕೆ ಹಬೆ

ಕಾಡಿಗೆ ಹೋಗೋಕೆ ಎರಡು ದಿನ ಇತ್ತು. ಹೊಸ ಆಯುಧ, ಪೂಜೆ ಮಾಡದೆ ಹೊರಗೆ ತಗೊಂಡು ಹೋಗೋದು ಹೇಗೆ? ಆದರೆ ಬಾಣದ ಬಾಲಕ್ಕೆ ಅಂಟಿಸಿರೋದು ಟರ್ಕಿ ಕೋಳಿ ಗರಿ. ಹಕ್ಕಿ ಗರಿಯನ್ನ ಹಾಗೇ ದೇವರ ಮುಂದಿಡೋಕೆ ಮನಸ್ಸು ಬರಲಿಲ್ಲ. ಬಿಸಿನೀರಿನಲ್ಲಿ ಸೀಗೆಪುಡಿ ಕದಡಿ ಆರು ಬಾಣದ ಬಾಲವನ್ನೂ ಚೆನ್ನಾಗಿ ತಿಕ್ಕಿ ತೊಳೆದೆ. ಆಮೇಲೆ ನೋಡಿದರೆ ಗರಿಗಳೆಲ್ಲ ಬಾಡಿದ ಕೊತ್ತಂಬರಿ ಸೊಪ್ಪಿನ ಹಾಗೆ ಕಡ್ಡಿಗೆ ಮಲಗಿಬಿಟ್ಟಿವೆ.

ಗರಿ ನಿಲ್ಲದಿದ್ದರೆ ಬಾಣ ನೆಟ್ಟಗೆ ಹೋಗಲ್ಲ. ಬಾಣ ನೆಟ್ಟಗೆ ಹೋಗದಿದ್ದರೆ ಮೇಷ್ಟ್ರು ಕಾಡಿಗೆ ಬಿಡಲ್ಲ. ಯಜಮಾನರು, "ಹೋಗಲಿ ಬಿಡು, ಟೀವಿಯಲ್ಲಿ ಕಾಡು ತೋರಿಸ್ತಾರೆ," ಅಂದರು. ನಾನು ಬಿಡೋಳಲ್ಲ. ಮುದುಡಿದ ರೇಷ್ಮೆ ಸೀರೆ ಹಬೆ ಹಿಡಿದರೆ ಸುಕ್ಕು ಬಿಡುತ್ತಲ್ಲ, ಗರಿ ಯಾಕೆ ಬಿಡಬಾರದು? ಇಡ್ಲಿ ಪಾತ್ರೆಯಲ್ಲಿ ನೀರು ಮರಳಿಸಿ, ಹಬೆ ಮೇಲೆ ಒಂದೊಂದೇ ಬಾಲ ಹಿಡಿದು ತಿರುಗಿಸಿದೆ. ನೋಡನೋಡುತ್ತಲೇ ಗರಿಗಳು ಮೈಮುರಿದು ಎದ್ದು ನಿಂತವು! ಮಾರನೆಯ ದಿನ ಮೇಷ್ಟ್ರು ಮನೆಗೆ ಬಂದು ನೋಡಿ ಸೈ ಅಂದು, ಹಳೇ ಬಿಲ್ಲುಗಾರರೂ ಹೀಗೇ ಕೆಟಲ್ ಹಬೆ ಹಿಡೀತಾರೆ, ಇವರಿಗೆ ಯಾರು ಹೇಳಿಕೊಟ್ಟರು ಅಂತ ಆಶ್ಚರ್ಯಪಟ್ಟರು.

ಆದರೆ ನಾನು ಹಬೆ ಹಿಡಿಯುತ್ತಿದ್ದಾಗಲೇ ನೈಟ್ ಡ್ಯೂಟಿ ಮುಗಿಸಿ ಹಸಿದು ಬಂದ ಮಗನಿಗೆ ಅದೊಂದೂ ಗೊತ್ತಿಲ್ಲ. ಒಲೆ ಮೇಲೆ ಇಡ್ಲಿ ಪಾತ್ರೆ ಕಂಡು ಖುಷಿಯಿಂದ ಹತ್ತಿರ ಬಂದ. ಹಬೆಯೊಳಗೆ ನಾನು ಕೋಳಿ ಗರಿ ತಿರುಗಿಸುತ್ತಿರೋದನ್ನ ನೋಡಿದ. ಕಾರ್ನ್‌ಫ್ಲೇಕ್ಸ್ ಡಬ್ಬ ತಗೊಂಡು ಮಹಡಿಗೆ ಹೋದ.

ಹನ್ನೆರಡು ಮೃಗ

ಆ ಭಾನುವಾರ ಬಂತು. ಸೀರೆ ಎತ್ತಿ ಕಟ್ಟಿ, ಕಾಲಿಗೆ ಸೊಸೆಯ ರಬ್ಬರ್ ಬೂಟು, ಮೇಲೆ ಸ್ವೆಟರು, ಬೆನ್ನಿಗೆ ಆರು ಬಾಣ. ಮೇಷ್ಟ್ರು ಪೆನ್ಸಿಲು ಕಾಗದ ಹಿಡಿದು ನಮ್ಮ ಗುಂಪಿನ ಜೊತೆ ಬಂದರು. ಯಜಮಾನರು ಕೊಡೆ ಹಿಡಿದು ಹಿಂದೆ. ಒಟ್ಟು ಹನ್ನೆರಡು ಮೃಗ. ನನಗೆ ಬೇಕಾದ್ದು ಒಂದೇ.

ಮೊದಲನೆಯದು ಹಂದಿ. ಜರೀಗಿಡಗಳ ನಡುವೆ ಕೋರೆ ತೋರಿಸಿಕೊಂಡು ನಿಂತಿದೆ. ಬಾಣ ಹೂಡಿ ಕಿವಿಯವರೆಗೆ ಎಳೆದೆ. ಹಿಂದಿನಿಂದ ಯಜಮಾನರು, "ವರಾಹಸ್ವಾಮಿ ಕಣೇ!" ಅಂದರು.

ಎಳೆದ ಹೆದೆ ಮೆಲ್ಲಗೆ ಇಳಿಸಿದೆ. ಇಷ್ಟು ವಾರ ದುಂಡನೆ ಹುಲ್ಲಿನ ಗುರಿಗೆ ಹೊಡೆದವಳಿಗೆ ಇದು ಹೊಳೆದೇ ಇರಲಿಲ್ಲ. ಕೈಮುಗಿದು ಮುಂದೆ ಹೋದೆ. ಮೇಷ್ಟ್ರು ಕಾಗದದಲ್ಲಿ ಒಂದು ಸೊನ್ನೆ ಬರೆದರು.

ಎರಡನೆಯದು ಗೂಬೆ. ಲಕ್ಷ್ಮಿಯ ವಾಹನ. ಸೊನ್ನೆ. ಮೂರನೆಯದು ಹೆಗ್ಗಣದಂಥದ್ದು. ಗಣಪತಿಯನ್ನ ಹೊರೋವನಿಗೆ ಹೊಡೆದು ಆಮೇಲೆ ವಿಮಾನ ಹತ್ತೋದಾ? ಸೊನ್ನೆ. ನಾಲ್ಕನೆಯದು ಚಿರತೆ. ಅದು ಚಿರತೆ, ಸಿಂಹ ಅಲ್ಲ ಅಂತ ಸೊಸೆ ವಾದ ಮಾಡಿದಳು. "ಚಾಮುಂಡಿ ಬೆಟ್ಟದ ಕೆಳಗೆ ಹುಟ್ಟಿದೋಳು ನಾನು, ಆ ವಂಶದ ಯಾವುದರ ತಂಟೆಗೂ ಹೋಗಲ್ಲ," ಅಂದೆ. ಕರಡಿ ಬಂತು. "ದೇವರು ಸಮುದ್ರಕ್ಕೆ ಸೇತುವೆ ಕಟ್ಟಿದಾಗ ಕರಡಿ ಯಾರ ಕಡೆ ಇತ್ತು?" ಅಂದರು ಯಜಮಾನರು. ನರಿ ಬಂತು. ಬೆಳಿಗ್ಗೆ ನರಿ ಮುಖ ನೋಡೋದೇ ಶುಭ, ಶುಭಕ್ಕೆ ಯಾರಾದರೂ ಬಾಣ ಬಿಡ್ತಾರಾ? ಟರ್ಕಿ ಕೋಳಿ ಬಂತು. ಇದು ಯಾವ ದೇವರದ್ದೂ ಅಲ್ಲ ಅಂತ ಬಾಣ ಹೂಡಿದೆ. "ಅದರ ಗರಿ ಕಿತ್ತು ನಿನ್ನ ಬಾಣಕ್ಕೆ ಅಂಟಿಸಿದ್ದಾರೆ. ಈಗ ಅದನ್ನೇ ತಗೊಂಡು ಅದಕ್ಕೇ ಹೊಡೀತೀಯಾ?" ಅಂದರು. ಬಾಣ ವಾಪಸ್ಸು ಬೆನ್ನಿಗೆ ಹೋಯಿತು.

ಜಿಂಕೆ ಬಂತು. ಫೋಟೋದಲ್ಲಿ ನೋಡಿ ಆಸೆಪಟ್ಟ ಜಿಂಕೆ. "ಇದಕ್ಕೆ ಮಾತ್ರ ಬಾಯಿ ಹಾಕಬೇಡಿ," ಅಂದೆ.

"ನಾನೇನೂ ಹೇಳಲ್ಲಪ್ಪ," ಅಂದರು. "ಬಿಲ್ಲು ಹಿಡಿದು ಜಿಂಕೆ ಹಿಂದೆ ಹೋದವರ ಸಂಸಾರ ಆಮೇಲೆ ಏನಾಯಿತು ಅಂತ ನಿನಗೇ ಗೊತ್ತಲ್ಲ."

ಅಲ್ಲಿಗೆ ಅದೂ ಹೋಯಿತು. ಹೀಗೇ ಹನ್ನೊಂದು ಮೃಗ, ಹನ್ನೊಂದು ನಮಸ್ಕಾರ, ಹನ್ನೊಂದು ಸೊನ್ನೆ. ಮೇಷ್ಟ್ರಿಗೆ ಪಾಪ, ನಾನು ಹೆದರಿಕೊಂಡಿದ್ದೀನಿ ಅಂತ ಮರುಕ. "ಸುಸ್ತಾಗಿದ್ದರೆ ಇಲ್ಲಿಗೇ ನಿಲ್ಲಿಸಲಿ, ಬೇಜಾರಿಲ್ಲ," ಅಂತ ಸೊಸೆಗೆ ಹೇಳಿದರಂತೆ. ನನ್ನ ಕಣ್ಣಲ್ಲಿ ನೀರು ಬರೋದೊಂದೇ ಬಾಕಿ. ಬೆನ್ನಿನಲ್ಲಿ ಆರು ಬಾಣ ಹಾಗೇ ಇವೆ. ಇನ್ನು ಮೂರು ದಿನಕ್ಕೆ ಪ್ರಯಾಣ.

ಕೊನೆಯದು ಇಳಿಜಾರಿನಲ್ಲಿ, ಒಂದು ಸಣ್ಣ ತೊರೆ ಪಕ್ಕ. ಹಸಿರು ಬಣ್ಣ, ಉದ್ದ ಬಾಯಿ, ಬಾಯಿ ತುಂಬ ಹಲ್ಲು. ಮೊಸಳೆ!

ಯಜಮಾನರು ಕೊಡೆ ಊರಿಕೊಂಡು ಗಂಟಲು ಸರಿಮಾಡಿದರು. "ನೋಡೇ, ಮೊಸಳೆ ಅಂದರೆ ಗಂಗಮ್ಮತಾಯಿಯ..."

ನಾನು ಬಿಲ್ಲಿನ ಸಮೇತ ಅವರ ಕಡೆ ತಿರುಗಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ಇದು ಗಂಗಮ್ಮಂದಲ್ಲ," ಅಂದೆ. "ಆನೆ ಕಾಲು ಕಚ್ಚಿ ಎಳೆದಿತ್ತಲ್ಲ, ಆ ಮೊಸಳೆ. ನೀರಿನ ಪಕ್ಕ ಕಾದು ಕೂತಿರೋದು ನೋಡಿ. ಅದೇ ಇದು. ನನಗೆ ಗೊತ್ತು."

ನಾನು ಕಾಲು ಊರಿ ನಿಂತೆ. ಎಳೆದೆ. ಮೇಷ್ಟ್ರು ಹೇಳಿಕೊಟ್ಟ ಹಾಗೆ ಬೆರಳು ಕೆನ್ನೆಗೆ ತಾಗಿಸಿ, ಉಸಿರು ಹಿಡಿದು, ಬಿಟ್ಟೆ. ಬಾಣ ಸುಂಯ್ ಅಂತ ಹೋಯಿತು. ಠಪ್ ಅಂತ ಶಬ್ದ ಬಂತು. ಮೊಸಳೆ ಪಕ್ಕೆಯಲ್ಲಿ, ಎದೆಗೂಡಿನ ಗುರುತಿನ ನಟ್ಟನಡುವೆ, ನನ್ನ ಬಾಣ ಬಾಲ ಅಲ್ಲಾಡಿಸುತ್ತಾ ನಿಂತಿತ್ತು.

ಸೊಸೆ ಕಿರುಚಿ ಬಂದು ತಬ್ಬಿಕೊಂಡಳು. ಯಜಮಾನರು ಕೊಡೆ ಬಿಸಾಡಿ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಮೊಸಳೆ ಹತ್ತಿರ ಹೋಗಿ, ಬಗ್ಗಿ ನೋಡಿ, ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ನೋಡಿದರು. ವಾಪಸ್ಸು ಬಂದು ಕಾಗದದ ಮೇಲಿನ ಹನ್ನೊಂದು ಸೊನ್ನೆಯನ್ನೂ ನನ್ನನ್ನೂ ಬದಲಾಯಿಸಿ ಬದಲಾಯಿಸಿ ನೋಡಿದರು.

"ಇಷ್ಟು ಚೆನ್ನಾಗಿ ಹೊಡೆಯೋರು," ಅಂತ ಸೊಸೆಯನ್ನ ಕೇಳಿದರು, "ಮಿಕ್ಕ ಹನ್ನೊಂದನ್ನ ಯಾಕೆ ಬಿಟ್ಟುಬಿಟ್ಟರು?"

ಸೊಸೆ ನನ್ನ ಮುಖ ನೋಡಿದಳು.

"ಹೇಳಮ್ಮ ಅವರಿಗೆ," ಅಂದೆ, "ಅವರೆಲ್ಲ ನಮ್ಮ ಕಡೆಯವರು ಅಂತ."